ಆರು ಅಂಕದ ಸೋಲು, ಹದಿನೈದು ದಿನಗಳ ಕುಸಿತ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಟೇಟ್ ಕಾಲೇಜ್ ಎಂಬ ಪಟ್ಟಣದಲ್ಲಿ 2025ರ ಸೆಪ್ಟೆಂಬರ್ 27ರ ರಾತ್ರಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಒರೆಗಾನ್ ವಿಶ್ವವಿದ್ಯಾಲಯದ ಎದುರು 24-30ರಿಂದ ಸೋತಿತು. ಆ ಹೊತ್ತಿಗೆ ಪೆನ್ ಸ್ಟೇಟ್ ರಾಷ್ಟ್ರದ ಮೂರನೆಯ ಶ್ರೇಯಾಂಕದ ತಂಡ, ಒರೆಗಾನ್ ಆರನೆಯದು. ಪಂದ್ಯ ಎರಡು ಹೆಚ್ಚುವರಿ ಅವಧಿಗಳವರೆಗೆ ಹೋಗಿತ್ತು. ಇಂಥ ಸೋಲಿನಿಂದ ಯಾವ ತಂಡದ ಮಾನವೂ ಹೋಗುವುದಿಲ್ಲ. ಆದರೆ ಸರಿಯಾಗಿ ಹದಿನೈದನೆಯ ದಿನಕ್ಕೆ, ಅಕ್ಟೋಬರ್ 12ರಂದು, ಆ ತಂಡದ ಮುಖ್ಯ ತರಬೇತುದಾರ ಜೇಮ್ಸ್ ಫ್ರಾಂಕ್ಲಿನ್ ಹುದ್ದೆ ಕಳೆದುಕೊಂಡಿದ್ದರು. ರಾಷ್ಟ್ರೀಯ ಪ್ರಶಸ್ತಿ ಗೆಲ್ಲುವುದೆಂದು ನಂಬಲಾಗಿದ್ದ ತಂಡ ಲೀಗ್‌ನ ದುರ್ಬಲ ತಂಡಗಳ ಎದುರೂ ಸೋತು ನೆಲಕಚ್ಚಿತ್ತು. ಆ ಎರಡು ವಾರಗಳಲ್ಲಿ ನಡೆದದ್ದಾದರೂ ಏನು?

ಇದು ಇಲ್ಲಿಯವರಿಗೆ ಪರಿಚಿತವಾದ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಅಮೆರಿಕನ್ ಫುಟ್‌ಬಾಲ್. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳ ಅವಕಾಶ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಅಂಗಣದ ಕೊನೆಯ ಗೆರೆ ದಾಟಿಸಿದರೆ ಆರು ಅಂಕಗಳ ಟಚ್‌ಡೌನ್. ವಿದ್ಯಾರ್ಥಿಗಳು ಆಡುವ ಈ ಕಾಲೇಜು ಪಂದ್ಯಗಳಿಗೆ ಅಲ್ಲಿ ಸೇರುವ ಜನ, ಹರಿಯುವ ಹಣ ಎರಡೂ ಹೊರಗಿನವರಿಗೆ ಅಚ್ಚರಿ ಹುಟ್ಟಿಸುವಂಥವು. ಪೆನ್ ಸ್ಟೇಟ್‌ನ ಬೀವರ್ ಕ್ರೀಡಾಂಗಣದಲ್ಲಿ ಅಂದು ನೆರೆದಿದ್ದವರು 1 ಲಕ್ಷ 10 ಸಾವಿರಕ್ಕೂ ಹೆಚ್ಚು. 'ವೈಟ್ ಔಟ್' ಎಂದು ಕರೆಯುವ ಪದ್ಧತಿಯಂತೆ ತವರು ಅಭಿಮಾನಿಗಳೆಲ್ಲ ಬಿಳಿಯ ಉಡುಪಿನಲ್ಲಿ ಬಂದಿದ್ದರು.

ಪಂದ್ಯದ ಓಟವನ್ನು ಒಮ್ಮೆ ನೋಡಬೇಕು. ಅರ್ಧ ವಿರಾಮದ ವೇಳೆಗೆ 3-3. ನಂತರ ಒರೆಗಾನ್ 17-3ರ ಮುನ್ನಡೆ ಪಡೆಯಿತು. ಕೊನೆಯ ಅವಧಿಯಲ್ಲಿ ಎಚ್ಚೆತ್ತ ಪೆನ್ ಸ್ಟೇಟ್ ಎರಡು ಟಚ್‌ಡೌನ್ ಗಳಿಸಿ, ಕೊನೆಯ ನಿಮಿಷದಲ್ಲಿ 17-17ರ ಸಮಬಲ ಸಾಧಿಸಿತು. ಹೆಚ್ಚುವರಿ ಅವಧಿಯಲ್ಲಿ ಎರಡೂ ತಂಡಗಳಿಗೆ 25 ಗಜ ದೂರದಿಂದ ಒಂದೊಂದು ಅವಕಾಶ. ಮೊದಲು ಆಡಿದ ಪೆನ್ ಸ್ಟೇಟ್ 24-17ಕ್ಕೆ ಏರಿತು. ಉತ್ತರವಾಗಿ ಆಡಿದ ಒರೆಗಾನ್ ನಾಲ್ಕನೆಯ ಯತ್ನಕ್ಕೆ ಬಂದು ನಿಂತಾಗ ಅದಕ್ಕೆ ಬೇಕಿದ್ದುದು ಒಂದೇ ಒಂದು ಗಜ. ಅದನ್ನು ತಡೆದಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ತಡೆಯಲಾಗಲಿಲ್ಲ. ಕ್ವಾರ್ಟರ್‌ಬ್ಯಾಕ್ ಡಾಂಟೆ ಮೂರ್ ಸ್ವತಃ ಚೆಂಡು ಹಿಡಿದು ನುಗ್ಗಿದರು. ಸ್ಕೋರು ಮತ್ತೆ ಸಮವಾಯಿತು. ಎರಡನೆಯ ಹೆಚ್ಚುವರಿ ಅವಧಿಯ ಮೊದಲ ಯತ್ನದಲ್ಲೇ ಒರೆಗಾನ್‌ಗೆ ಟಚ್‌ಡೌನ್. ಪೆನ್ ಸ್ಟೇಟ್‌ನ ಮೊದಲ ಯತ್ನದಲ್ಲೇ ಕ್ವಾರ್ಟರ್‌ಬ್ಯಾಕ್ ಡ್ರೂ ಆಲಾರ್ ಎಸೆದ ಚೆಂಡು ಒರೆಗಾನ್‌ನ ಡಿಲನ್ ಥೀನೆಮನ್ ಕೈ ಸೇರಿತು.

ಈ ಸೋಲಿನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಮೊದಲಾರ್ಧವಿಡೀ ಕೇವಲ ಮೂರು ಅಂಕಗಳಿಗೆ ತೃಪ್ತವಾದ ಆಕ್ರಮಣ ವಿಭಾಗ, ಅನುಭವಿ ಆಟಗಾರರಿದ್ದೂ ಅಂಜಿಕೆಯಿಂದ ಆಡಿತೆಂಬುದು ಕಣ್ಣಿಗೆ ಕಾಣುವಂತಿತ್ತು. ಆದರೆ 14 ಅಂಕಗಳ ಹಿನ್ನಡೆಯಿಂದ ಚೇತರಿಸಿಕೊಂಡು ಪ್ರಬಲ ಎದುರಾಳಿಯನ್ನು ಕೊನೆಯವರೆಗೂ ಎಳೆದಾಡಿದ ತಂಡವನ್ನು ಕೆಟ್ಟ ತಂಡವೆಂದು ಯಾವ ಲೆಕ್ಕದಲ್ಲಿ ಹೇಳುವುದು? ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಸೋಲಿನಿಂದ ಪೆನ್ ಸ್ಟೇಟ್ ಯಾವುದರಿಂದಲೂ ಹೊರಬಿದ್ದಿರಲಿಲ್ಲ. 2024ರಿಂದ ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್ ಸುತ್ತಿಗೆ ನಾಲ್ಕರ ಬದಲು ಹನ್ನೆರಡು ತಂಡಗಳಿಗೆ ಪ್ರವೇಶವಿದೆ. ಅದರ ಮೊದಲ ವರ್ಷ ಇದೇ ಪೆನ್ ಸ್ಟೇಟ್ ಎರಡು ಸೋಲುಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ಲೇಆಫ್ ಪ್ರವೇಶಿಸಿತ್ತು. ಎಸ್‌ಎಂಯು, ಬಾಯ್ಸಿ ಸ್ಟೇಟ್ ತಂಡಗಳನ್ನು ಸೋಲಿಸಿ ಸೆಮಿಫೈನಲ್ ತಲುಪಿ, 2025ರ ಜನವರಿ 9ರಂದು ನೋಟರ್ ಡೇಮ್ ಎದುರು 24-27ರಿಂದಷ್ಟೇ ಸೋತಿತ್ತು. ಹಾಗಿರುವಾಗ ಸೆಪ್ಟೆಂಬರ್‌ನ ಒಂದು ಸೋಲು ಋತುವಿನ ಅಂತ್ಯವಾಗಬೇಕಿರಲಿಲ್ಲ. ಆದರೆ ತಂಡದೊಳಗೂ ಹೊರಗೂ ಅದನ್ನು ಅಂತ್ಯವೆಂದೇ ಬಗೆಯಲಾಯಿತು. ಪೆನ್ ಸ್ಟೇಟ್‌ನ ನಿಜವಾದ ದುರಂತ ಇರುವುದು ಇಲ್ಲಿ.

ಒಂದೇ ರಾತ್ರಿಗಾಗಿ ಕಟ್ಟಿದ ವರ್ಷ

2025ರ ಋತುವನ್ನು ಪೆನ್ ಸ್ಟೇಟ್ ರೂಪಿಸಿಕೊಂಡ ಬಗೆಯನ್ನು ಗಮನಿಸಿದರೆ ಇದಕ್ಕೆ ಕಾರಣ ತಿಳಿಯುತ್ತದೆ. ವೃತ್ತಿಪರ ಲೀಗ್‌ನತ್ತ ಹೋಗಬಹುದಾಗಿದ್ದ ಆಲಾರ್, ಓಟಗಾರರಾದ ನಿಕೊಲಸ್ ಸಿಂಗಲ್ಟನ್ ಮತ್ತು ಕೇಟ್ರಾನ್ ಆಲೆನ್, ರಕ್ಷಣಾ ವಿಭಾಗದ ಡ್ಯಾನಿ ಡೆನಿಸ್-ಸಟ್ಟನ್ ಮೊದಲಾದವರು ಇನ್ನೊಂದು ವರ್ಷಕ್ಕೆಂದು ಉಳಿದರು. ಹಿಂದಿನ ಋತುವಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಓಹಿಯೊ ಸ್ಟೇಟ್‌ನಿಂದ ರಕ್ಷಣಾ ವಿಭಾಗದ ಸಂಯೋಜಕ ಜಿಮ್ ನೋಲ್ಸ್ ಅವರನ್ನು ವರ್ಷಕ್ಕೆ ಸುಮಾರು 31 ಲಕ್ಷ ಡಾಲರ್ ಸಂಬಳಕ್ಕೆ ಕರೆತರಲಾಯಿತು. ಕ್ರೀಡಾಂಗಣದ ನವೀಕರಣಕ್ಕೆ ವಿಶ್ವವಿದ್ಯಾಲಯ ಮೀಸಲಿಟ್ಟ ಮೊತ್ತ 70 ಕೋಟಿ ಡಾಲರ್. ಋತುವಿಗೆ ಮುಂಚಿನ ಎಪಿ ಪಟ್ಟಿಯಲ್ಲಿ ತಂಡಕ್ಕೆ ಎರಡನೆಯ ಸ್ಥಾನ. ಈ ಸಲವಲ್ಲದಿದ್ದರೆ ಮತ್ತೆಂದು ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು.

ಇಷ್ಟು ಸಿದ್ಧತೆ ಮಾಡಿಕೊಂಡ ತಂಡ ಮೊದಲ ಮೂರು ಪಂದ್ಯಗಳಿಗೆ ಆರಿಸಿಕೊಂಡದ್ದು ನೆವಾಡಾ, ಎಫ್‌ಐಯು ಮತ್ತು ವಿಲನೋವಾ ಎಂಬ ಅಬಲ ಎದುರಾಳಿಗಳನ್ನು. ಫಲಿತಾಂಶಗಳು 46-11, 34-0, 52-6. ಬಳಿಕ ಒಂದು ವಾರದ ಬಿಡುವು, ಅದರ ಬೆನ್ನಿಗೆ ಒರೆಗಾನ್. ಗರಡಿಯಲ್ಲಿ ಮಕ್ಕಳೊಂದಿಗೆ ಮಾತ್ರ ಸೆಣಸಿದ ಜಟ್ಟಿಯನ್ನು ನೇರವಾಗಿ ದಸರಾ ಕುಸ್ತಿಯ ಕಣಕ್ಕೆ ಇಳಿಸಿದಂತಾಯಿತು. ತಂಡದ ಬಲವೆಷ್ಟು, ದೌರ್ಬಲ್ಯವೆಲ್ಲಿ ಎಂಬುದು ತರಬೇತುದಾರರಿಗೇ ತಿಳಿಯುವ ಸಂದರ್ಭ ಅದುವರೆಗೆ ಬಂದಿರಲಿಲ್ಲ. ಎಲ್ಲರ ನಿರೀಕ್ಷೆಯೂ ಆ ಒಂದು ರಾತ್ರಿಯ ಮೇಲೆ ಬಿತ್ತು.

ಫ್ರಾಂಕ್ಲಿನ್ ವಿಚಾರದಲ್ಲಿ ಈ ನಿರೀಕ್ಷೆಗೆ ಇನ್ನೊಂದು ಇತಿಹಾಸವೂ ಅಂಟಿಕೊಂಡಿತ್ತು. 2014ರಲ್ಲಿ ಅವರು ಬಂದಾಗ ಪೆನ್ ಸ್ಟೇಟ್ ತನ್ನ ಅತ್ಯಂತ ಕರಾಳ ಅಧ್ಯಾಯದಿಂದ ಹೊರಬರುತ್ತಿತ್ತು. ಮಾಜಿ ಸಹಾಯಕ ತರಬೇತುದಾರ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯ 2011ರಲ್ಲಿ ಬಯಲಾಗಿ, ದಶಕಗಳ ಕಾಲ ತಂಡ ನಡೆಸಿದ ಜೋ ಪಟರ್ನೊ ಅವರನ್ನೂ ವಿಶ್ವವಿದ್ಯಾಲಯ ವಜಾಗೊಳಿಸಿತ್ತು. ಮರುವರ್ಷ ತಂಡದ ಮೇಲೆ ಕಠಿಣ ನಿರ್ಬಂಧಗಳು ಬಿದ್ದಿದ್ದವು. ಆ ಸ್ಥಿತಿಯಿಂದ ತಂಡವನ್ನು ಮೇಲೆತ್ತಿ 2016ರಲ್ಲಿ ಬಿಗ್ ಟೆನ್ ಲೀಗ್‌ನ ಪ್ರಶಸ್ತಿ ಗೆದ್ದುಕೊಟ್ಟವರು ಫ್ರಾಂಕ್ಲಿನ್. 2022ರಿಂದ 2024ರವರೆಗಿನ ಮೂರು ಋತುಗಳಲ್ಲೇ 34 ಗೆಲುವು. ಪೆನ್ ಸ್ಟೇಟ್‌ನಲ್ಲಿ ಅವರ ಒಟ್ಟು ದಾಖಲೆ 104 ಗೆಲುವು, 45 ಸೋಲು.

ಆದರೆ ಈ ಅಂಕಿಗಳ ಜೊತೆಗೇ ಇನ್ನೊಂದು ಅಂಕಿಯೂ ಓಡಾಡುತ್ತಿತ್ತು. ಮೊದಲ ಹತ್ತು ಶ್ರೇಯಾಂಕದೊಳಗಿನ ತಂಡಗಳ ಎದುರು ನಾಲ್ಕು ಗೆಲುವು, 21 ಸೋಲು. ಒರೆಗಾನ್ ಪಂದ್ಯ ಅದರಲ್ಲಿ ಇಪ್ಪತ್ತೊಂದನೆಯದು. ದೊಡ್ಡ ಪಂದ್ಯಗಳನ್ನು ಗೆಲ್ಲಲಾರದವರು ಎಂಬ ಮಾತು ಬರಿಯ ಕಥೆಯಲ್ಲ, ವಾಸ್ತವವೇ ಎಂದು ಅಂದು ರಾತ್ರಿ ಸ್ವತಃ ಫ್ರಾಂಕ್ಲಿನ್ ಒಪ್ಪಿಕೊಂಡರು. ಮೊದಲ ಹತ್ತರ ತಂಡಗಳೆಂದರೆ ಗೆಲ್ಲುವುದು ಕಷ್ಟವೆಂದೇ ಆ ಸ್ಥಾನದಲ್ಲಿರುವವು, ಆದ್ದರಿಂದ ಈ ಅಳತೆ ಯಾರಿಗೂ ಸುಲಭದ್ದಲ್ಲ ಎಂದು ವಾದಿಸಬಹುದು. ಆದರೂ ಹನ್ನೆರಡನೆಯ ವರ್ಷದಲ್ಲಿ 4-21 ಎಂಬುದನ್ನು ದುರದೃಷ್ಟದ ಖಾತೆಗೆ ಬರೆಯಲಾಗದು. ಅವರನ್ನು ಕಿತ್ತುಹಾಕಿ ಎಂಬ ಕೂಗು ಬಿಳಿಯ ಉಡುಪಿನ ಅದೇ ಪ್ರೇಕ್ಷಕರ ನಡುವಿನಿಂದ ಅಂದೇ ಎದ್ದಿತು.

ಸೋಲಿನ ನಂತರದ ಸೋಲು

ಒಂದು ವಾರದ ಬಳಿಕ, ಅಕ್ಟೋಬರ್ 4ರಂದು ಪೆನ್ ಸ್ಟೇಟ್ ಕ್ಯಾಲಿಫೋರ್ನಿಯಾದ ಪ್ಯಾಸಡಿನಾಕ್ಕೆ ಹೋಗಿ ಯುಸಿಎಲ್‌ಎ ತಂಡವನ್ನು ಎದುರಿಸಿತು. ಮಧ್ಯಪಶ್ಚಿಮದ ವಿಶ್ವವಿದ್ಯಾಲಯಗಳ ಕೂಟವಾಗಿ ಹುಟ್ಟಿದ ಬಿಗ್ ಟೆನ್, ದೂರದರ್ಶನ ಹಕ್ಕುಗಳ ಹಣದ ಹಿಂದೆ ಹೋಗಿ 2024ರಲ್ಲಿ 18 ತಂಡಗಳ ಲೀಗ್ ಆಗಿರುವುದರಿಂದ, ಇಂದು ಲೀಗ್ ಪಂದ್ಯವೊಂದಕ್ಕೆ ಇಡೀ ಖಂಡವನ್ನು ದಾಟಬೇಕು. ಆದರೆ ಪ್ರಯಾಣದ ಆಯಾಸದಿಂದ ಮಾತ್ರ ಈ ಪಂದ್ಯವನ್ನು ವಿವರಿಸಲಾಗದು. ಯುಸಿಎಲ್‌ಎ ಅದುವರೆಗಿನ ನಾಲ್ಕೂ ಪಂದ್ಯಗಳನ್ನು ಸೋತಿತ್ತು. ಮುಖ್ಯ ತರಬೇತುದಾರ ಡಿಶಾನ್ ಫಾಸ್ಟರ್ ಅವರನ್ನು ಮೂರನೆಯ ಸೋಲಿಗೇ ಮನೆಗೆ ಕಳುಹಿಸಲಾಗಿತ್ತು. ಆಕ್ರಮಣದ ತಂತ್ರಗಳನ್ನು ನಿರ್ದೇಶಿಸುವ ಹೊಣೆ ಆ ವಾರವಷ್ಟೇ ಜೆರ್ರಿ ನ್ಯೂಹೈಸೆಲ್ ಎಂಬ ಸಹಾಯಕರ ಪಾಲಿಗೆ ಬಂದಿತ್ತು. ಅಂಥ ತಂಡ ಅರ್ಧ ವಿರಾಮದ ಹೊತ್ತಿಗೆ 27-7ರಿಂದ ಮುಂದಿತ್ತು. ಕ್ವಾರ್ಟರ್‌ಬ್ಯಾಕ್ ನಿಕೊ ಇಯಾಮಲಿಯಾವಾ ತಾವೇ ಓಡಿ ಮೂರು ಟಚ್‌ಡೌನ್ ಗಳಿಸಿದರು, ಎಸೆದು ಎರಡು. ಗಾಯಗೊಂಡ ಲೈನ್‌ಬ್ಯಾಕರ್ ಟೋನಿ ರೋಹಾಸ್ ಇಲ್ಲದ ಪೆನ್ ಸ್ಟೇಟ್ ರಕ್ಷಣೆ ಅವರನ್ನು ಹಿಡಿಯುವ ದಾರಿ ಕಾಣದೆ ನಿಂತಿತು. ಅಂತಿಮ ಸ್ಕೋರು 42-37.

ದ್ವಿತೀಯಾರ್ಧದಲ್ಲಿ ಪೆನ್ ಸ್ಟೇಟ್ ಮತ್ತೆ ಹೋರಾಡಿತು, ನಿಜ. ಆದರೆ ಮೊದಲಾರ್ಧದಲ್ಲಿ ಅಂಗಣದಲ್ಲಿದ್ದದ್ದು ಮನಸ್ಸಿಲ್ಲದ ದೇಹಗಳು. ಒರೆಗಾನ್ ಎದುರಿನ ಸೋಲಿನಲ್ಲಿ ತಂತ್ರದ ಕೊರತೆ ಇತ್ತು. ಇಲ್ಲಿ ಕೊರತೆಯಾದದ್ದು ಆಡುವ ಕಾರಣವೇ. ಫ್ರಾಂಕ್ಲಿನ್ ಅವರ ಮೇಲಿನ ಗುರುತರ ಆಕ್ಷೇಪ ಇರಬೇಕಾದದ್ದು ಈ ಪಂದ್ಯದ ವಿಷಯದಲ್ಲಿ. ಸೋತ ತಂಡವನ್ನು ಏಳು ದಿನಗಳಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುವುದಕ್ಕಿಂತ ಹೆಚ್ಚಿನ ಕೆಲಸ ಮುಖ್ಯ ತರಬೇತುದಾರನಿಗೆ ಇನ್ನೊಂದಿಲ್ಲ.

ಅಕ್ಟೋಬರ್ 11ರಂದು ತವರಿನಲ್ಲಿ ನಾರ್ತ್‌ವೆಸ್ಟರ್ನ್ ಎದುರು 21-22ರ ಸೋಲು. ಆಲಾರ್ ಗಾಯಗೊಂಡರು, ಅವರ ಋತುವೂ ಅಲ್ಲಿಗೆ ಮುಗಿಯಿತು. ಈ ಎರಡೂ ಪಂದ್ಯಗಳಲ್ಲಿ ಪೆನ್ ಸ್ಟೇಟ್ 20ಕ್ಕೂ ಹೆಚ್ಚು ಅಂಕಗಳಿಂದ ಗೆಲ್ಲುವುದೆಂದು ಬಾಜಿ ಕಟ್ಟುವವರ ಲೆಕ್ಕಾಚಾರವಿತ್ತು. ಮರುದಿನ ಫ್ರಾಂಕ್ಲಿನ್ ಅವರ ವಜಾ ಪ್ರಕಟವಾಯಿತು. 2031ರವರೆಗಿನ ಅವರ ಒಪ್ಪಂದವನ್ನು ಮುರಿದದ್ದಕ್ಕೆ ವಿಶ್ವವಿದ್ಯಾಲಯ ತೆರಬೇಕಾಗಿದ್ದ ಮೊತ್ತ ಸುಮಾರು 4.9 ಕೋಟಿ ಡಾಲರ್. ಕ್ರೀಡಾ ನಿರ್ದೇಶಕ ಪ್ಯಾಟ್ ಕ್ರಾಫ್ಟ್ ಅವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಅದೇ ತಿಂಗಳು ಫ್ಲಾರಿಡಾ ಮತ್ತು ಎಲ್‌ಎಸ್‌ಯು ಕೂಡ ತಮ್ಮ ತರಬೇತುದಾರರನ್ನು ಕಿತ್ತುಹಾಕಿದವು. ಎಲ್‌ಎಸ್‌ಯು ಕಥೆಯಲ್ಲಿ ಹೊರೆ 5 ಕೋಟಿ ಡಾಲರನ್ನೂ ಮೀರುವಂಥದ್ದು. 2025ರ ಜೂನ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದಂತೆ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡಾಪಟುಗಳಿಗೆ ಸೇರಿ ಆ ವರ್ಷ ನೇರವಾಗಿ ಹಂಚಬಹುದಾಗಿದ್ದ ಹಣ ಸುಮಾರು 2.05 ಕೋಟಿ ಡಾಲರ್. ಆಡುವವರಿಗೆಲ್ಲ ಸೇರಿ ಕೊಡಬಹುದಾದುದರ ಎರಡು ಪಟ್ಟಿಗೂ ಹೆಚ್ಚು ಹಣವನ್ನು ಕೆಲಸ ಬಿಡಿಸಿದ ಒಬ್ಬರಿಗೆ ಕೊಡಲು ಒಪ್ಪಿಕೊಳ್ಳುವ ವ್ಯವಸ್ಥೆಯಲ್ಲಿ, ಸೋಲನ್ನು ಸಮಾಧಾನದಿಂದ ತೂಗಿ ನೋಡುವ ವ್ಯವಧಾನ ಎಲ್ಲಿಂದ ಬರಬೇಕು?

ಹಂಗಾಮಿ ತರಬೇತುದಾರರಾಗಿ ಬಂದ ಟೆರ್ರಿ ಸ್ಮಿತ್ ಹಿಂದೆ ಪೆನ್ ಸ್ಟೇಟ್‌ಗೇ ಆಡಿದವರು. ಅವರ ಕೈಗೆ ಬಂದ ತಂಡ ಮೊದಲ ಮೂರು ಪಂದ್ಯಗಳನ್ನೂ ಸೋತಿತು. ಆದರೆ ಅವುಗಳಲ್ಲಿ ಒಂದು, ನವೆಂಬರ್ 8ರಂದು ಇಂಡಿಯಾನಾ ಎದುರು 24-27ರಿಂದ ಆದದ್ದು. ಪಂದ್ಯದ ಕೊನೆಯ ನಿಮಿಷದವರೆಗೆ ಪೆನ್ ಸ್ಟೇಟ್ ಮುಂದಿತ್ತು. ಅದೇ ಇಂಡಿಯಾನಾ ಒಂದೂ ಸೋಲಿಲ್ಲದೆ ಋತುವನ್ನು ಮುಗಿಸಿ 2026ರ ಜನವರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆಲಾರ್ ಇಲ್ಲದ, ಪ್ರಶಸ್ತಿಯ ಆಸೆ ಬಿಟ್ಟ ತಂಡ ಮುಂದಿನ ಚಾಂಪಿಯನ್ನರನ್ನು ಅಷ್ಟು ಕಾಡಬಹುದಾಗಿದ್ದರೆ, ಅಕ್ಟೋಬರ್‌ನಲ್ಲಿ ಆ ತಂಡಕ್ಕೆ ಶಕ್ತಿಯ ಕೊರತೆ ಇತ್ತೆಂದು ಹೇಳುವುದು ಕಷ್ಟ. ಬಳಿಕ ಮಿಚಿಗನ್ ಸ್ಟೇಟ್, ನೆಬ್ರಾಸ್ಕಾ, ರಟ್‌ಗರ್ಸ್ ತಂಡಗಳನ್ನೂ, ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪಿನ್‌ಸ್ಟ್ರೈಪ್ ಬೌಲ್ ಪಂದ್ಯದಲ್ಲಿ ಕ್ಲೆಮ್ಸನ್ ತಂಡವನ್ನೂ ಸೋಲಿಸಿ, 7-6ರ ದಾಖಲೆಯೊಂದಿಗೆ ಪೆನ್ ಸ್ಟೇಟ್ ವರ್ಷ ಮುಗಿಸಿತು.

ವಜಾದ ಬೆಲೆ ಹಣದಲ್ಲಿ ಮಾತ್ರ ಎಣಿಸುವಂಥದ್ದಾಗಿರಲಿಲ್ಲ. ನವೆಂಬರ್ ಮಧ್ಯದಲ್ಲಿ ಫ್ರಾಂಕ್ಲಿನ್ ವರ್ಜೀನಿಯಾ ಟೆಕ್‌ನ ತರಬೇತುದಾರರಾದರು. ಹಾಗಾಗಿ ಪೆನ್ ಸ್ಟೇಟ್‌ನ ಹೊರೆ 90 ಲಕ್ಷ ಡಾಲರ್‌ಗೆ ಇಳಿಯಿತು, ಆದರೆ ಪೆನ್ ಸ್ಟೇಟ್‌ಗೆ ಬರುವುದಾಗಿ ಮಾತು ಕೊಟ್ಟಿದ್ದ ಹಲವು ಪ್ರೌಢಶಾಲಾ ಆಟಗಾರರೂ ಅವರ ಹಿಂದೆ ಹೋದರು. ಡಿಸೆಂಬರ್ 3ರಂದು ಸಹಿ ಹಾಕುವ ದಿನ ಬಂದಾಗ ಪೆನ್ ಸ್ಟೇಟ್‌ಗೆ ದೊರೆತವರು ಇಬ್ಬರೇ. ಹೊಸ ತರಬೇತುದಾರರ ಹುಡುಕಾಟ ಎರಡು ತಿಂಗಳ ಹತ್ತಿರಕ್ಕೆ ಎಳೆದು, ಆ ವಾರದಲ್ಲೇ ಅಯೋವಾ ಸ್ಟೇಟ್‌ನ ಮ್ಯಾಟ್ ಕ್ಯಾಂಪ್‌ಬೆಲ್ ಅವರ ನೇಮಕದಲ್ಲಿ ಕೊನೆಗೊಂಡಿತು. ಕ್ಯಾಂಪ್‌ಬೆಲ್ ತಮ್ಮ ಹಳೆಯ ತಂಡದ ಕ್ವಾರ್ಟರ್‌ಬ್ಯಾಕ್ ರಾಕೊ ಬೆಕ್ಟ್ ಸೇರಿದಂತೆ ಹಲವು ಆಟಗಾರರನ್ನು ಜೊತೆಗೇ ಕರೆತಂದರು. ಇನ್ನೊಂದು ವರ್ಷಕ್ಕೆಂದು ಉಳಿದಿದ್ದ ಆಲಾರ್, ಸಿಂಗಲ್ಟನ್, ಆಲೆನ್ ಮೊದಲಾದವರ ಕಾಲೇಜು ಅವಧಿ ಅಷ್ಟರಲ್ಲಿ ಮುಗಿದುಹೋಗಿತ್ತು.