ಕಣ್ಣಿಗೆ ಕಾಣದ ತಂತಿ

ಹಳೆಯ ಮೋಟಾರು ಗಾಡಿಯೊಂದನ್ನು ಕೊಂಡು ಜೀರ್ಣೋದ್ಧಾರಕ್ಕೆ ತೊಡಗುವ ಹವ್ಯಾಸಿಯ ಗಮನವೆಲ್ಲ ಮೊದಲು ಹರಿಯುವುದು ಹೊರಮೈಯ ಕಡೆಗೆ. ತುಕ್ಕನ್ನು ಕೆರೆಸುತ್ತಾನೆ, ಹೊಸ ಬಣ್ಣ ಬಳಿಸುತ್ತಾನೆ, ಆಸನಗಳಿಗೆ ಹೊಸ ಹೊದಿಕೆ ಹಾಕಿಸುತ್ತಾನೆ. ಎಂಜಿನ್ನನ್ನೂ ಬಿಚ್ಚಿಸಿ ಜೋಡಿಸುವುದುಂಟು. ಆದರೆ ಚಾಲಕನ ಕಾಲಿನ ಅಪ್ಪಣೆಯನ್ನು ಯಂತ್ರಕ್ಕೆ ಮುಟ್ಟಿಸುವ, ಕೊಳವೆಯೊಳಗೆ ಅಡಗಿರುವ ತಂತಿಗಳನ್ನು ಮಾತ್ರ ಕೇಳುವವರಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಂತಹ ಗಾಡಿಗೆ ಚೆನ್ನಾಗಿ ಒಪ್ಪುತ್ತದೆ.

ಕವಚದೊಳಗೆ ಚಲಿಸುವ ಇಂತಹ ತಂತಿಗೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬಾತನು 1896ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟು ಪಡೆದನು. ಒಳಗೆ ನವಿರಾದ ಉಕ್ಕಿನ ಎಳೆಗಳನ್ನು ಹೊಸೆದ ತಂತಿ, ಹೊರಗೆ ಸುರುಳಿಯಾಗಿ ಸುತ್ತಿದ ಕವಚ. ಕವಚದ ತುದಿಗಳನ್ನು ಕದಲದಂತೆ ನಿಲ್ಲಿಸಿ ಒಳಗಿನ ತಂತಿಯನ್ನು ಎಳೆದರೆ, ದಾರಿ ಬಾಗಿದ್ದರೂ ಎಳೆತವು ಆಚೆಯ ತುದಿಯನ್ನು ಸೇರುತ್ತದೆ.

ತಂತಿಯ ಮಹತ್ವವನ್ನು ತಿಳಿಯಲು ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 2003ರಲ್ಲಿ ಮೆಕ್ಸಿಕೋದಲ್ಲಿ ಇದರ ತಯಾರಿಕೆ ನಿಲ್ಲುವ ವೇಳೆಗೆ ಎರಡು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದಿದ್ದವು. ಇದರಲ್ಲಿ ಚಾಲಕನು ಮುಂದೆ, ಎಂಜಿನ್ನು ಹಿಂದೆ. ಆದ್ದರಿಂದ ಕ್ಲಚ್ಚಿನ ತಂತಿಯೂ ಆಕ್ಸಿಲರೇಟರಿನ ತಂತಿಯೂ ನೆಲದ ನಡುವಣ ಉಬ್ಬಿನೊಳಗಿನ ಕೊಳವೆಗಳಲ್ಲಿ ಹಾದು ಹಿಂಭಾಗವನ್ನು ಮುಟ್ಟಬೇಕು. ಕೈಬ್ರೇಕಿನ ತಂತಿಗಳೂ ಹಿಂಚಕ್ರಗಳಿಗೆ ಇದೇ ರೀತಿ ಸಾಗುತ್ತವೆ.

ಕ್ಲಚ್ಚಿನ ತಂತಿ ಹರಿದರೆ ಗಾಡಿ ನಡುದಾರಿಯಲ್ಲಿ ನಿಂತೀತು. ಅದು ತೊಂದರೆ ಮಾತ್ರ. ಆಕ್ಸಿಲರೇಟರಿನ ತಂತಿ ಸಿಕ್ಕಿಕೊಂಡರೆ ಕಾಲನ್ನು ತೆಗೆದರೂ ವೇಗ ತಗ್ಗುವುದಿಲ್ಲ, ಅದು ಅಪಾಯ. ಆದಕಾರಣ ಬಣ್ಣದ ಕೆಲಸಕ್ಕೆ ಮುಂಚೆಯೇ ತಂತಿಗಳನ್ನು ಹೊರಗೆಳೆದು ಪರೀಕ್ಷಿಸುವುದು ಲೇಸು. ತಂತಿ ಸಾಮಾನ್ಯವಾಗಿ ಸವೆಯುವುದು ಬಾಗಿದೆಡೆಯಲ್ಲಿ ಮತ್ತು ತುದಿಯ ಗುಂಡಿಯ ಬಳಿಯಲ್ಲಿ. ಒಂದೇ ಒಂದು ಎಳೆ ಕಡಿದಿದ್ದರೂ, ತುಕ್ಕು ಹಿಡಿದಿದ್ದರೂ, ಅದನ್ನು ಎಸೆದು ಹೊಸದನ್ನು ಹಾಕಬೇಕು. ಒಂದು ಎಳೆ ಹೋದರೆ ಅದರ ಭಾರವನ್ನು ಉಳಿದವು ಹೊರುತ್ತವೆ. ಅವೂ ಒಂದೊಂದಾಗಿ ಸೋಲುತ್ತವೆ.

ಎಣ್ಣೆ ಹಾಕುವುದರಲ್ಲೂ ಒಂದು ಕ್ರಮವಿದೆ. ಕವಚವುಳ್ಳ ತಂತಿಯನ್ನು ನೆಟ್ಟಗೆ ತೂಗುಹಾಕಿ, ಮೇಲಿನ ತುದಿಗೆ ಕಾಗದದ ಆಲಿಕೆಯನ್ನು ಕಟ್ಟಿ, ತೆಳುವಾದ ಎಣ್ಣೆಯನ್ನು ಹೊಯ್ದು ಬಿಡಬೇಕು. ಕೆಳತುದಿಯಲ್ಲಿ ಮೊದಲು ಕೊಳೆ, ಅನಂತರ ಶುದ್ಧವಾದ ಎಣ್ಣೆ ತೊಟ್ಟಿಕ್ಕುತ್ತದೆ. ಅವಸರ ಸಲ್ಲದು, ಒಂದು ರಾತ್ರಿ ಹಿಡಿದರೂ ಹಿಡಿದೀತು. ಒಳಗೆ ಪ್ಲಾಸ್ಟಿಕ್ಕಿನ ಪದರವಿರುವ ಈಚಿನ ಕೇಬಲುಗಳಿಗೆ ತಯಾರಕರು ಹೇಳದ ಹೊರತು ಎಣ್ಣೆ ಸೋಕಿಸಬಾರದು. ಬೀಟಲಿನ ಉದ್ದನೆಯ ತಂತಿಗಳಿಗಾದರೋ ಕೊಳವೆಯೊಳಕ್ಕೆ ತೂರಿಸುವಾಗಲೇ ಗ್ರೀಸು ಸವರಬೇಕು.

ಹೊಸ ತಂತಿಯೂ ಬೇಗನೆ ಹರಿದರೆ ತಪ್ಪು ತಂತಿಯದಲ್ಲ, ಅದರ ದಾರಿಯದು. ಉಬ್ಬಿನೊಳಗಿನ ಕೊಳವೆಯ ಬೆಸುಗೆ ಬಿಟ್ಟಿರಬಹುದು. ಪೆಡಲಿನ ಕೊಕ್ಕೆ ಸವೆದಿರಬಹುದು. ಹಿಂಭಾಗದಲ್ಲಿ ಕ್ಲಚ್ಚಿನ ತಂತಿಗೆ ಇರುವ ಕವಚವು ನೇರವಾಗಿ ಬಿಗಿದಿರಬಾರದು, ತುಸು ಜೋತಿರಬೇಕು. ಆ ಬಾಗು ಇಲ್ಲದಿದ್ದರೆ ಗಾಡಿ ಹೊರಡುವಾಗ ನಡುಗುತ್ತದೆ. ಕ್ಲಚ್ಚಿನ ಪೆಡಲಿಗೆ 10ರಿಂದ 20 ಮಿಲಿಮೀಟರಿನಷ್ಟು ಸಡಿಲವನ್ನೂ ಬಿಡಬೇಕು. ಬಿಗಿಯಾದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಸಡಿಲವೇ ಇಲ್ಲದ ಕ್ಲಚ್ಚು ಜಾರುತ್ತ ಸವೆಯುತ್ತದೆ.

ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕೈಬ್ರೇಕನ್ನು ಎಳೆದಿಡುವ ಬದಲು ಚಕ್ರಗಳಿಗೆ ಮರದ ತುಂಡುಗಳನ್ನು ಕೊಡುವುದು ಮೇಲು. ತೇವಕ್ಕೆ ತಂತಿ ಕವಚದಲ್ಲಿಯೇ ಕಚ್ಚಿಕೊಂಡರೆ ಬ್ರೇಕು ಬಿಡುವುದೇ ಇಲ್ಲ.

ಎಲ್ಲ ಜೋಡಣೆಯೂ ಮುಗಿದ ಮೇಲೆ ಎಂಜಿನ್ನನ್ನು ನಿಲ್ಲಿಸಿಟ್ಟು ಒಂದು ಪರೀಕ್ಷೆ ಮಾಡಬೇಕು. ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಡಲಿ. ಇನ್ನೊಬ್ಬರು ಹಿಂದೆ ನಿಂತು ಕಾರ್ಬುರೇಟರಿನ ಸನ್ನೆಯನ್ನು ನೋಡಲಿ. ಕಾಲು ತೆಗೆದೊಡನೆ ಅದು ಯಾರ ನೆರವೂ ಇಲ್ಲದೆ ಮೊದಲಿನ ಸ್ಥಾನಕ್ಕೆ ಮರಳಬೇಕು. ಹತ್ತು ಸಲ ಒತ್ತಿದರೆ ಹತ್ತು ಸಲವೂ ಮರಳಬೇಕು. ಒಂಬತ್ತು ಸಲ ಮರಳಿ ಹತ್ತನೆಯ ಸಲ ತಡೆದರೆ ಆ ಗಾಡಿ ಇನ್ನೂ ಬೀದಿಗೆ ಇಳಿಯಲು ಸಿದ್ಧವಾಗಿಲ್ಲವೆಂದೇ ಅರ್ಥ. ಬಣ್ಣ ಎಷ್ಟೇ ಮಿರುಗುತ್ತಿರಲಿ.