ಸೂಟಿ ನೋಡಿ ಅಲ್ಲ, ಹುಲ್ಲು ನೋಡಿ ಹೊರಡೋಣ



ನಮ್ಮ ಊರಲ್ಲಿ ಯಾರಾದರೂ ಪ್ರವಾಸ ಹೊರಡುವುದಿದ್ದರೆ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆಯುತ್ತಾರೆ. ಶಾಲೆಗೆ ಸೂಟಿ ಯಾವಾಗ, ಹೊಲದ ಕೆಲಸ ಯಾವಾಗ ಮುಗಿಯುತ್ತದೆ, ಬೀಗರ ಮನೆಯಲ್ಲಿ ಮದುವೆ ಇದೆಯೋ ಹೇಗೆ, ಇಷ್ಟು ನೋಡಿ ದಿನ ಗೊತ್ತುಮಾಡುತ್ತಾರೆ. ಹಂಪಿಗೆ, ಗೋಳಗುಮ್ಮಟಕ್ಕೆ ಹೋಗಲು ಇದು ಸರಿ. ಕಲ್ಲಿನ ರಥ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಕಾಡುಪ್ರಾಣಿ ನೋಡಲು ಹೊರಟಾಗ ಈ ಲೆಕ್ಕ ನಡೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಮಾತು ಯಾಕೆ ಬಂತೆಂದರೆ, ನಮ್ಮ ಸೋದರಮಾವ ಸೈನ್ಯದಲ್ಲಿದ್ದು ಈಗ ಅಸ್ಸಾಮಿನ ಜೋರ್ಹಾಟ್ ಕಡೆ ಇದ್ದಾರೆ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಕಾಜಿರಂಗಾ ರಾಷ್ಟ್ರೀಯ ಉದ್ಯಾನವಿದೆ. “ಎಲ್ಲಾರೂ ಬರ್ರಿ, ಘೇಂಡಾಮೃಗ ನೋಡೋಣು” ಎಂದು ಮಾವ ಫೋನಿನಲ್ಲಿ ಕರೆದರು. ಮೇ ತಿಂಗಳು ಅಂತ ಗೊತ್ತುಮಾಡಿದ್ದು ಮಾತ್ರ ನಮ್ಮ ಮನೆಯವರು. ಸೂಟಿ ಇರುವುದು ಆಗಲೇ ಅಲ್ಲವೇ! ನಾನು ಮೇ ಬೇಡ ಎನ್ನುತ್ತಿದ್ದೇನೆ. ಮನೆಯಲ್ಲಿ ವಾದ ಇನ್ನೂ ಮುಗಿದಿಲ್ಲ. ನಿಮ್ಮಲ್ಲಿಯೂ ಯಾರಾದರೂ ಮುಂದೆ ಹೋಗಬಹುದು, ಆದ್ದರಿಂದ ನನ್ನ ಕಾರಣಗಳನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಕಾಜಿರಂಗಾ ಎಂದರೆ ನಾವು ಚಿತ್ರದಲ್ಲಿ ಬಿಡಿಸುವಂಥ ದಟ್ಟ ಕಾಡಲ್ಲ. ಅದು ಬ್ರಹ್ಮಪುತ್ರಾ ನದಿಯ ದಕ್ಷಿಣ ದಂಡೆಯ ಮೇಲಿನ ಹುಲ್ಲುಗಾವಲು. ನಡುನಡುವೆ ಕೆರೆಯಂಥ ನೀರಿನ ತಾಣಗಳು, ಅವಕ್ಕೆ ಅಲ್ಲಿ ‘ಬೀಲ್’ ಅನ್ನುತ್ತಾರೆ. ಅಲ್ಲಲ್ಲಿ ಮರಗಳ ಕಾಡೂ ಇದೆ. ಆದರೆ ಘೇಂಡಾಮೃಗದ ಮನೆ ಹುಲ್ಲೇ. ಅಲ್ಲಿನ ಆನೆಹುಲ್ಲು ಮಳೆಗಾಲ ಮುಗಿಯುವ ಹೊತ್ತಿಗೆ ಆನೆಯನ್ನೇ ಮುಚ್ಚುವಷ್ಟು ಎತ್ತರ ಬೆಳೆದಿರುತ್ತದೆ. ಎರಡು ಸಾವಿರ ಕಿಲೋ ತೂಗುವ ಪ್ರಾಣಿ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ನಮ್ಮ ಜೋಳದ ಹೊಲದಲ್ಲಿ ಎಮ್ಮೆ ಹೊಕ್ಕರೆ ಹುಡುಕುವುದು ಎಷ್ಟು ಕಷ್ಟ ಎಂದು ನಮಗೆ ಗೊತ್ತಿದೆ. ಹಾಗೇ ಇದೂ.

ಎರಡನೆಯದಾಗಿ, ಮಳೆಗಾಲದಲ್ಲಿ ಬ್ರಹ್ಮಪುತ್ರಾ ಉಕ್ಕಿ ಉದ್ಯಾನದ ಬಹುಭಾಗ ನೀರಲ್ಲಿ ಮುಳುಗುತ್ತದೆ. ಆದ್ದರಿಂದ ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿರುತ್ತದೆ. ಮೇ ಸೂಟಿಯಲ್ಲಿ ಹೋದರೆ ನಾವು ನೋಡುವುದು ಮುಚ್ಚಿದ ಗೇಟನ್ನು! ದಸರಾ ಸೂಟಿಗೆ ಹೋಗೋಣವೆಂದರೆ ಆಗ ಒಂದೆರಡು ಕಡೆಯಷ್ಟೇ ತೆರೆದಿರುತ್ತದೆ, ಹುಲ್ಲೂ ಪೂರ್ಣ ಎತ್ತರದಲ್ಲಿರುತ್ತದೆ. ಅಂದರೆ ನಮ್ಮ ಶಾಲೆಯ ಎರಡು ದೊಡ್ಡ ಸೂಟಿಗಳೂ ಘೇಂಡಾಮೃಗಕ್ಕೆ ಹೊಂದುವುದಿಲ್ಲ.

ಹಾಗಾದರೆ ಒಳ್ಳೆಯ ಕಾಲ ಯಾವುದು? ಚಳಿಗಾಲದ ಕೊನೆಗೆ ಅರಣ್ಯ ಇಲಾಖೆಯವರೇ ಒಣಗಿದ ಹುಲ್ಲಿಗೆ ಯೋಜನೆ ಹಾಕಿಕೊಂಡು ಬೆಂಕಿ ಕೊಡುತ್ತಾರೆ. ಇದನ್ನು ಓದಿ ನನಗೂ ಆಶ್ಚರ್ಯವಾಯಿತು. 2019ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ನಾಡೆಲ್ಲ ಮರುಗಿತ್ತು. ಅಲ್ಲಿ ನೋಡಿದರೆ ಇಲಾಖೆಯೇ ಸುಡುತ್ತದೆ! ಆದರೆ ಮರದ ಕಾಡು ಬೇರೆ, ಹುಲ್ಲಿನ ಬಯಲು ಬೇರೆ. ಸುಡದೆ ಬಿಟ್ಟರೆ ಪೊದೆ, ಗಿಡಗಳು ಮೆಲ್ಲಗೆ ಹುಲ್ಲನ್ನು ನುಂಗಿಬಿಡುತ್ತವೆ. ಸುಟ್ಟ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ಘೇಂಡಾಮೃಗ, ಕಾಡೆಮ್ಮೆ, ಜೌಗು ಜಿಂಕೆಗಳೆಲ್ಲ ಬಯಲಿಗೆ ಬರುತ್ತವೆ. ಅದಕ್ಕೇ ಫೆಬ್ರವರಿ, ಮಾರ್ಚ್, ಏಪ್ರಿಲ್ ನೋಡಲು ಒಳ್ಳೆಯ ಕಾಲ. ಮೊದಲ ಎರಡು ತಿಂಗಳು ನಮಗೆ ಪರೀಕ್ಷೆಯ ಬಿಸಿ. ಉಳಿಯುವುದು ಏಪ್ರಿಲ್ ಒಂದೇ.

ಆದ್ದರಿಂದ ನನ್ನ ಯೋಜನೆ ಹೀಗಿದೆ. ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಕೊಟ್ಟು ಶಾಲೆ ಬಿಡುತ್ತಾರೆ. ಮಾರನೆಯ ದಿನವೇ ಹೊರಡಬೇಕು. ಬೆಂಗಳೂರಿನಿಂದ ಗುವಾಹಾಟಿಗೆ ರೈಲಿನಲ್ಲಿ ಎರಡು ದಿನಕ್ಕೂ ಹೆಚ್ಚು ಬೇಕು. ಹೋಗಿ ಮುಟ್ಟುವ ಹೊತ್ತಿಗೆ ಅಲ್ಲಿ ಬಿಹು ಹಬ್ಬ. ಅದು ಅವರ ಹೊಸ ವರ್ಷ. ಮೊದಲ ದಿನ ದನಗಳ ಮೈ ತೊಳೆದು ಪೂಜಿಸುತ್ತಾರಂತೆ, ನಮ್ಮ ಕಾರಹುಣ್ಣಿಮೆ ಇದ್ದಂತೆ. ಜೀಪಿನ ಚಾಲಕರಿಗೂ ಮನೆ, ಹಬ್ಬ ಇರುತ್ತದಲ್ಲವೇ? ಹಬ್ಬದ ಎರಡು ದಿನ ಮಾವನ ಹತ್ತಿರ ಇದ್ದು, ಆಮೇಲೆ ಕಾಜಿರಂಗಾಕ್ಕೆ ಹೋಗಬೇಕು. ತಿಂಗಳ ಕೊನೆಯವರೆಗೆ ಕಾಯಬಾರದು. ಏಪ್ರಿಲಿನಲ್ಲೇ ಅಲ್ಲಿ ಗಾಳಿ, ಗುಡುಗು, ಮಳೆ ಶುರುವಾಗುತ್ತವೆ. ಒಳಗಿನ ಮಣ್ಣಿನ ದಾರಿ ಕೆಸರಾದರೆ ಜೀಪು ಹೋಗುವುದಿಲ್ಲ.

ಅಲ್ಲಿ ಎರಡು ರಾತ್ರಿಯಾದರೂ ಉಳಿಯಬೇಕು. “ಒಂದು ಸುತ್ತು ಹೊಡದು ಬಂದರಾತು” ಎನ್ನುತ್ತಾರೆ ನಮ್ಮ ಅಪ್ಪ. ಅಷ್ಟು ದೂರ ಹೋಗಿ ಒಂದೇ ಸುತ್ತಿಗೆ ತೃಪ್ತಿಪಡುವುದು ಊಟಕ್ಕೆ ಕೂತು ಉಪ್ಪಿನಕಾಯಿ ನೆಕ್ಕಿ ಎದ್ದಂತೆ. ಉದ್ಯಾನದಲ್ಲಿ ಕೊಹರಾ, ಬಾಗೋರಿ, ಅಗರಾತಲಿ ಎಂಬ ಬೇರೆ ಬೇರೆ ವಲಯಗಳಿವೆ. ಬಾಗೋರಿಯಲ್ಲಿ ಘೇಂಡಾಮೃಗ ಸುಲಭವಾಗಿ ಕಾಣುತ್ತದೆ. ಅಗರಾತಲಿ ಪಕ್ಷಿಗಳಿಗೆ ಹೆಸರಾದದ್ದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಮೂರು ಸಲ ಒಳಗೆ ಹೋದರೆ ಒಂದು ಸಲ ಕಾಣದಿದ್ದರೂ ಇನ್ನೊಂದು ಸಲ ಕಂಡೀತು. ಜೀಪಿನಲ್ಲಿ ಕೂತಮೇಲೆ ಕೂಗಾಡಬಾರದು. ಘೇಂಡಾಮೃಗಕ್ಕೆ ಕಣ್ಣು ಮಂದ, ಆದರೆ ಕಿವಿ, ಮೂಗು ಬಹಳ ಚುರುಕು. ಮರಿ ಜೊತೆಗಿದ್ದರೆ ತಾಯಿ ನುಗ್ಗಿ ಬರುತ್ತದೆ. ಇನ್ನೊಂದು ವಿಷಯ: ಅದು ಜಗಳಾಡುವಾಗ ಕೊಂಬಿಗಿಂತ ಕೆಳದವಡೆಯ ಚೂಪಾದ ಹಲ್ಲಿನಿಂದಲೇ ಹೆಚ್ಚು ಗಾಯ ಮಾಡುತ್ತದೆ!

ಮನೆಯಲ್ಲಿ ಒಂದು ಆಕ್ಷೇಪ ಬಂದಿದೆ. “ಮೇ ತಿಂಗಳಾಗ ಗೇಟ್ ಮುಚ್ಚಿದ್ರ ಏನಾತು, ಹೊರಗಿನ ಹೆದ್ದಾರಿಯಿಂದನೂ ಕಾಣ್ತಾವಂತ” ಎಂದು ನಮ್ಮ ಅಣ್ಣ ಹೇಳುತ್ತಾನೆ. ಕೆಲವು ಸಲ ಕಾಣುತ್ತವೆ, ನಿಜ. ಆದರೆ ನೀರು ಬಂದಾಗ ಅವು ಯಾಕೆ ಹೆದ್ದಾರಿಗೆ ಬರುತ್ತವೆ? ಉದ್ಯಾನ ಮುಳುಗಿದಾಗ ಪ್ರಾಣಿಗಳು ಜೀವ ಉಳಿಸಿಕೊಳ್ಳಲು ದಕ್ಷಿಣದ ಕಾರ್ಬಿ ಆಂಗ್‌ಲಾಂಗ್ ಬೆಟ್ಟಗಳ ಕಡೆ ಓಡುತ್ತವೆ. ನಡುವೆ ಹೆದ್ದಾರಿ ಅಡ್ಡ ಇದೆ. ಅಲ್ಲಿ ವಾಹನಕ್ಕೆ ಸಿಕ್ಕು ಸತ್ತ ಜಿಂಕೆಗಳು ಎಷ್ಟೋ. ಅದಕ್ಕೇ ಪ್ರಾಣಿಗಳು ದಾಟುವ ಕಡೆ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂಬ ನಿಯಮವಿದೆ. 2017ರ ಪ್ರವಾಹದಲ್ಲಿ ನೂರಾರು ಪ್ರಾಣಿಗಳು ಸತ್ತವು. ಜೀವ ಹಿಡಿದುಕೊಂಡು ಓಡುವವರನ್ನು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ನೋಡುವುದು ಪ್ರವಾಸವಲ್ಲ. ನಮ್ಮ ಊರಿಗೆ ನೆರೆ ಬಂದಾಗ ಯಾರಾದರೂ ಫೋಟೋ ತೆಗೆಯಲು ಬಂದರೆ ನಮಗೆ ಹೇಗನಿಸುತ್ತದೆ?

ಹಾಗೆಂದು ಪ್ರವಾಹ ಶತ್ರು ಎಂದೂ ನಾನು ಹೇಳುವುದಿಲ್ಲ. ನದಿ ತರುವ ಹೊಸ ಮಣ್ಣಿನಿಂದಲೇ ಆ ಹುಲ್ಲು ಅಷ್ಟು ಹುಲುಸು. ಬೀಲುಗಳು ತುಂಬುವುದು, ಅವುಗಳಲ್ಲಿನ ಅಂತರಗಂಗೆ ಕಳೆ ಕೊಚ್ಚಿಹೋಗುವುದು ಆ ನೀರಿನಿಂದಲೇ. ನೀರು, ಬೆಂಕಿ ಎರಡೂ ಸೇರಿ ಆ ಬಯಲನ್ನು ಬಯಲಾಗಿ ಉಳಿಸಿವೆ. ವರ್ಷದಲ್ಲಿ ಆರು ತಿಂಗಳು ಬಾಗಿಲು ಮುಚ್ಚುವುದು ನಮಗೆ ತೊಂದರೆ ಕೊಡಲು ಅಲ್ಲ. ಹೊಲಕ್ಕೆ ಬಿತ್ತಿದ ಮೇಲೆ ನಾವು ಅದರಲ್ಲಿ ತಿರುಗಾಡುತ್ತೇವೆಯೇ?

ಈ ಶಿಸ್ತಿನ ಫಲ ಏನೆಂದು ಅಂಕಿಗಳೇ ಹೇಳುತ್ತವೆ. 1908ರಲ್ಲಿ ಕಾಜಿರಂಗಾ ಮೀಸಲು ಅರಣ್ಯವಾದಾಗ ಅಲ್ಲಿ ಬೆರಳೆಣಿಕೆಯಷ್ಟು ಘೇಂಡಾಮೃಗಗಳು ಉಳಿದಿದ್ದವು ಎನ್ನುತ್ತಾರೆ. 1966ರ ಎಣಿಕೆಯಲ್ಲಿ 366 ಇದ್ದವು. 1974ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2022ರ ಎಣಿಕೆಯಲ್ಲಿ 2,613! ಇದಕ್ಕಾಗಿ ಅರಣ್ಯ ಕಾವಲುಗಾರರು ಮಳೆಯಲ್ಲಿ ದೋಣಿ ಹತ್ತಿ ಗಸ್ತು ತಿರುಗುತ್ತಾರೆ. ಕೊಂಬಿನ ಆಸೆಗೆ ಕಳ್ಳಬೇಟೆಗಾರರು ಬರುತ್ತಾರಲ್ಲ, ಆ ಕೊಂಬಿನಲ್ಲಿ ಇರುವುದು ನಮ್ಮ ಉಗುರಿನಲ್ಲಿರುವ ಪದಾರ್ಥವೇ. ಅದರಲ್ಲಿ ಯಾವ ಔಷಧವೂ ಇಲ್ಲ ಎಂದು ತೋರಿಸಲು ಅಸ್ಸಾಂ ಸರ್ಕಾರ 2021ರ ಸೆಪ್ಟೆಂಬರ್ 22ರಂದು ಬೋಕಾಖಾತದಲ್ಲಿ 2,479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟಿತು.

ನಾವು ರಾಣೆಬೆನ್ನೂರು ಸೀಮೆಯವರು ಇದರಿಂದ ಕಲಿಯುವುದು ಇನ್ನೊಂದಿದೆ. ನಮ್ಮ ಕೃಷ್ಣಮೃಗದ ಅಭಯಾರಣ್ಯವೂ 1974ರದ್ದೇ. ಕೃಷ್ಣಮೃಗವೂ ಬಯಲಿನ ಪ್ರಾಣಿ. ಆದರೆ ಬಯಲು ಕಂಡರೆ ನಮಗೆ ‘ಬೀಳು ಬಿದ್ದ ಜಾಗ’ ಅನಿಸುತ್ತದೆ, ಅಲ್ಲಿ ನೀಲಗಿರಿ ಗಿಡ ನೆಟ್ಟೆವು. ಹುಲ್ಲೂ ಒಂದು ಕಾಡೇ ಎಂದು ಕಾಜಿರಂಗಾ ನೋಡಿ ಬಂದವರಿಗೆ ತಿಳಿಯುತ್ತದೆ. ಹುಲ್ಲು ನೋಡಿ ಹೊರಡೋಣ ಎಂದು ನಾನು ಹೇಳುವುದು ಇದಕ್ಕೂ ಸೇರಿಯೇ.

ಈಗ ಕಷ್ಟದ ಮಾತು. ಏಪ್ರಿಲಿನಲ್ಲಿ ಹೋಗಲು ಆಗದೇ ಹೋದರೆ? ಮೆಣಸಿನಕಾಯಿ ಮಾರಿದ ರೊಕ್ಕ ಕೈಗೆ ಬರುವುದು ತಡವಾದರೆ ಹಾಗಾಗಬಹುದು. ಮಾವನಿಗೆ ಮುಂದಿನ ವರ್ಷ ಬೇರೆ ಕಡೆ ಬದಲಿ ಆಗುತ್ತದಂತೆ. “ಈ ಸಲ ಬಿಟ್ಟರ ಮತ್ತ ಯಾವಾಗ?” ಎಂದು ಅವ್ವ ಕೇಳುತ್ತಾಳೆ. ಆ ಮಾತಿಗೆ ನನಗೂ ಸಂಕಟವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಇದು: ಮೇ ತಿಂಗಳಲ್ಲಿ ಹೋಗಿ ರೊಕ್ಕ ಕಳೆಯುವುದಕ್ಕಿಂತ ಹೋಗದೆ ಇರುವುದೇ ಮೇಲು. ಬರುವ ವರ್ಷ ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮುಗಿದಿರುತ್ತದೆ. ಮಾವ ಅಲ್ಲಿ ಇಲ್ಲದಿದ್ದರೆ ಛತ್ರ ಹುಡುಕಿ ಉಳಿದರಾಯಿತು. ಮಾವನ ಮನೆ ಇದೆ ಎಂದು ಹೋಗುವುದಾದರೆ ಅದು ಮಾವನನ್ನು ನೋಡುವ ಪ್ರವಾಸ. ಅದಕ್ಕೆ ಯಾವ ತಿಂಗಳಾದರೂ ನಡೆಯುತ್ತದೆ. ಘೇಂಡಾಮೃಗ ನೋಡುವುದಾದರೆ ಅದು ಹೇಳಿದ ತಿಂಗಳಲ್ಲೇ ಹೋಗಬೇಕು.

ಸ್ನೇಹಿತರೇ, ಏನಂತೀರಿ? ಮೇ ತಿಂಗಳೇ ಸರಿ ಎನ್ನುವವರು ಕೆಳಗೆ ಬಿಟ್ಟಿರುವ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಕಾರಣವನ್ನೂ ಬರೆಯಿರಿ. ಬರಿಯ ‘ಸೂಟಿ ಇದೆ’ ಎಂಬುದನ್ನು ಕಾರಣವೆಂದು ನಾನು ಒಪ್ಪುವುದಿಲ್ಲ.

– ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ