ಎಕ್ಸ್-ರೇ ಸರಿಯಿದ್ದರೆ ಸಾಕೇ?

ಕೃತಕ ಸೊಂಟದ ಕೀಲು ಹಾಕಿಸಿಕೊಂಡವರು ನೋವೆಂದಾಗ ಮೊದಲು ತೆಗೆಸುವುದು ಎಕ್ಸ್-ರೇ. ಕೀಲು ಸಡಿಲಾಗಿದ್ದರೆ, ಮೂಳೆ ಮುರಿದಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಸ್ನಾಯುವಿನ ಹಾನಿ ಕಾಣುವುದಿಲ್ಲ.

ಇದಕ್ಕೊಂದು ಉದಾಹರಣೆಯಿದೆ. 2010ರಲ್ಲಿ ಡಿಪ್ಯೂ ಕಂಪನಿ ತನ್ನ ‘ಎಎಸ್‌ಆರ್’ ಎಂಬ ಲೋಹದ ಸೊಂಟದ ಕೀಲುಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಭಾರತದಲ್ಲೂ ಸಾವಿರಾರು ಮಂದಿಗೆ ಅವನ್ನು ಅಳವಡಿಸಲಾಗಿತ್ತು. ಲೋಹಕ್ಕೆ ಲೋಹ ಉಜ್ಜಿ ಉದುರಿದ ಕೋಬಾಲ್ಟ್, ಕ್ರೋಮಿಯಂ ಕಣಗಳು ಎಷ್ಟೋ ಜನರಲ್ಲಿ ಸುತ್ತಲಿನ ಸ್ನಾಯುವನ್ನು ಹಾಳುಗೆಡವಿ, ದ್ರವ ತುಂಬಿದ ಗಂಟುಗಳನ್ನು ಬೆಳೆಸಿದವು. ಅಂಥವರ ಎಕ್ಸ್-ರೇಯಲ್ಲಿ ಹಲವು ಬಾರಿ ಏನೂ ಕಾಣುತ್ತಿರಲಿಲ್ಲ.

ಸಾಮಾನ್ಯ ಎಂಆರ್‌ಐ ತೆಗೆದರೆ ಲೋಹದ ಸುತ್ತ ಕಪ್ಪು ಕಲೆ ಹರಡಿ, ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ಈ ವಿರೂಪ ತಗ್ಗಿಸುವ ‘ಮಾರ್ಸ್’ ಎಂಆರ್‌ಐನಲ್ಲಿ ಗಂಟೂ, ಹರಿದ ಸ್ನಾಯುರಜ್ಜುವೂ ಕಾಣುತ್ತವೆ. ಅದು ಸಿಗದ ಊರಲ್ಲಿ ನುರಿತ ಕೈಯ ಅಲ್ಟ್ರಾಸೌಂಡ್ ಕೂಡ ನೆರವಾಗುತ್ತದೆ.

ಎಕ್ಸ್-ರೇ ಒಂದನ್ನೇ ನೋಡಿ ನೋವಿನವರನ್ನು ಮನೆಗೆ ಕಳಿಸುವುದು ಅನ್ಯಾಯ. ಸರ್ಕಾರಿ ವಿಮೆಯಲ್ಲೂ ಮಾರ್ಸ್ ಎಂಆರ್‌ಐ, ಅಲ್ಟ್ರಾಸೌಂಡ್ ಪರೀಕ್ಷೆಗಳು ಸಿಗಲೇಬೇಕು.